ಕಾಕಂಬಿಯ ಬಾಟಲಿಯೂ ಕ್ಷ-ಕಿರಣದ ಕಣ್ಣೂ

ರಾಯಬಾಗ ತಾಲೂಕಿನ ಅಲಖನೂರದಿಂದ ವಿದ್ಯಾರ್ಥಿಯೊಬ್ಬನು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟಿದ್ದಾನೆಂದು ಭಾವಿಸೋಣ. ಕಬ್ಬಿನ ಸೀಮೆಯ ಹುಡುಗ. ಹೊರಡುವ ಹಿಂದಿನ ದಿನ ಅವನ ತಾಯಿ ಗಾಣದಿಂದ ತರಿಸಿದ ಕಾಕಂಬಿಯನ್ನು ಸೋಸಿ, ಅರ್ಧ ಲೀಟರಿನ ಬಾಟಲಿಯಲ್ಲಿ ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಅವನ ಕೈಚೀಲದಲ್ಲಿ ಇಡುತ್ತಾಳೆ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಒಡೆದೀತೆಂಬ ಅಂಜಿಕೆ ಅವಳಿಗೆ. ಹುಡುಗನು ರಾಯಬಾಗದಲ್ಲಿ ರೈಲು ಹತ್ತಿ ಬೆಳಗಾವಿಗೆ ಬಂದು, 1942ರಲ್ಲಿ ಬ್ರಿಟಿಷ್ ವಾಯುದಳದವರು ಕಟ್ಟಿದ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಹಾರುತ್ತಾನೆ. ಅಲ್ಲಿ ಪರದೇಶದ ವಿಮಾನವನ್ನೇರುವ ಮುನ್ನ ನಡೆಯುವ ತಪಾಸಣೆಯಲ್ಲಿ ಅವನ ಚೀಲವು ಚಲಿಸುವ ಪಟ್ಟಿಯಿಂದ ಪಕ್ಕಕ್ಕೆ ಸರಿಯುತ್ತದೆ. ಬಾಟಲಿ ಹೊರಗೆ ಬರುತ್ತದೆ.

“ಇದು ಬರೇ ಕಾಕಂಬಿ ಐತ್ರೀ ಸಾಹೇಬ್ರ. ನಮ್ಮವ್ವ ಕೊಟ್ಟಾಳ.”

“ನೂರು ಮಿಲಿಲೀಟರಿಗಿಂತ ಹೆಚ್ಚಿಗೆ ಬಿಡೋ ಹಾಗಿಲ್ಲಪ್ಪ.”

ಬಾಟಲಿಯು ಕಸದ ತೊಟ್ಟಿಯ ಪಾಲಾಗುತ್ತದೆ. ಹುಡುಗನ ಮನಸ್ಸಿನಲ್ಲಿ ಏಳುವ ಪ್ರಶ್ನೆಯು ನ್ಯಾಯವಾದುದೇ. ಚೀಲದೊಳಗಿನ ಸೂಜಿಯನ್ನೂ ತೋರಿಸಬಲ್ಲ ಯಂತ್ರವು ಎದುರಿಗಿರುವಾಗ, ಕಾಕಂಬಿಯನ್ನು ಕಾಕಂಬಿಯೆಂದು ಗುರುತಿಸಲು ಅದಕ್ಕೆ ಆಗದೆ? ಆಗದು ಎಂಬುದೇ ಇದಕ್ಕೆ ಉತ್ತರ. ಏಕೆ ಆಗದು, ಈಗೀಗ ಹೇಗೆ ಆಗುತ್ತಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಕಟ್ಟಳೆಯು ಏನೆಂಬುದನ್ನು ತಿಳಿಯಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗೆ ಒಯ್ಯುವ ಪ್ರತಿಯೊಂದು ದ್ರವವೂ 100 ಮಿಲಿಲೀಟರಿಗೆ ಮೀರದ ಪಾತ್ರೆಯಲ್ಲಿರಬೇಕು. ಅಂಥ ಪಾತ್ರೆಗಳೆಲ್ಲವೂ ಒಂದು ಲೀಟರು ಅಳತೆಯ, ತೆರೆದು ಮುಚ್ಚಬಹುದಾದ ಒಂದೇ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಪಾತ್ರೆಯ ಗಾತ್ರವೇ ಹೊರತು ಒಳಗಿರುವ ವಸ್ತುವಿನ ಪ್ರಮಾಣವಲ್ಲ. 200 ಮಿಲಿಲೀಟರಿನ ಬಾಟಲಿಯ ತಳದಲ್ಲಿ ನಾಲ್ಕು ಚಮಚೆ ಎಣ್ಣೆ ಉಳಿದಿದ್ದರೂ ಅದು ನಿಷಿದ್ಧವೇ. ಸಾವಿರಾರು ಜನರು ಸರದಿಯಲ್ಲಿ ನಿಂತಿರುವಾಗ ತಪಾಸಣೆಯವರು ಅಳತೆಗೊಳವೆ ಹಿಡಿದು ಕೂಡ್ರಲಾರರಷ್ಟೆ. ಔಷಧ, ಕೂಸಿನ ಹಾಲು ಮೊದಲಾದವುಗಳಿಗೆ ಬೇರೆ ಪರೀಕ್ಷೆಯ ಮೇಲೆ ವಿನಾಯಿತಿಯುಂಟು. ದೇಶದೊಳಗಿನ ಪ್ರಯಾಣದಲ್ಲಿ ಕುಡಿಯುವ ನೀರಿನ ಬಾಟಲಿಯನ್ನು ನೋಡಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಾಗೆ ಸಾಂಬ್ರಾದಲ್ಲಿ ಬಿಟ್ಟರೆಂದು ನೆಚ್ಚಿಕೊಂಡವರೇ ಮುಂದೆ ಬೆಂಗಳೂರಿನಲ್ಲಿ ತೊಡಕಿಗೆ ಸಿಕ್ಕುವುದು.

ಈ ಕಟ್ಟಳೆಯ ಹಿಂದೆ ಪ್ರಾಣಹಾನಿಯ ಚರಿತ್ರೆಯಿದೆ. 1987ರ ನವೆಂಬರ್ 29ರಂದು ಕೊರಿಯದ ವಿಮಾನವೊಂದು ಅಂಡಮಾನ್ ಸಮುದ್ರದ ಮೇಲೆ ಸಿಡಿದು ಅದರಲ್ಲಿದ್ದ 115 ಮಂದಿಯೂ ಮಡಿದರು. ಮದ್ಯದ ಬಾಟಲಿಯೊಂದರಲ್ಲಿ ದ್ರವರೂಪದ ಸ್ಫೋಟಕವನ್ನು ಅಡಗಿಸಿಡಲಾಗಿತ್ತು. 1994ರ ಡಿಸೆಂಬರ್ 11ರಂದು ಫಿಲಿಪ್ಪೀನ್ಸಿನಿಂದ ಟೋಕಿಯೋಗೆ ಹೊರಟಿದ್ದ ವಿಮಾನದಲ್ಲಿ ಆಸನದ ಕೆಳಗೆ ಸ್ಫೋಟವಾಗಿ ಜಪಾನಿನ ಪ್ರಯಾಣಿಕನೊಬ್ಬನು ಸತ್ತನು. ಅಲ್ಲಿ ಬಳಸಿದ್ದುದು ಕಣ್ಣಿನ ಮಸೂರ ತೊಳೆಯುವ ದ್ರಾವಣದ ಪುಟ್ಟ ಬಾಟಲಿ. ವಿಮಾನವು ಕುಂಟುತ್ತ ಒಕಿನಾವದಲ್ಲಿ ಇಳಿಯಿತು. ಇಷ್ಟಾದರೂ ಜಗತ್ತು ಎಚ್ಚರಗೊಳ್ಳಲಿಲ್ಲ. 2006ರ ಆಗಸ್ಟ್ 10ರಂದು ಬ್ರಿಟನ್ನಿನ ಪೋಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಹೈಡ್ರೊಜನ್ ಪೆರಾಕ್ಸೈಡಿನಿಂದ ಮಾಡಿದ ಸ್ಫೋಟಕವನ್ನು ತುಂಬಿ, ಅಟ್ಲಾಂಟಿಕ್ ಸಾಗರವನ್ನು ದಾಟುವ ಹಲವು ವಿಮಾನಗಳನ್ನು ಏಕಕಾಲಕ್ಕೆ ಉರುಳಿಸಬೇಕೆಂಬುದು ಆ ಸಂಚು. ಅಂದು ಬ್ರಿಟನ್ನಿನ ನಿಲ್ದಾಣಗಳಲ್ಲಿ ಕೈಚೀಲವನ್ನೇ ನಿಷೇಧಿಸಲಾಯಿತು. ಕೂಸಿನ ಹಾಲನ್ನು ತಾಯಿಯೇ ಕುಡಿದು ತೋರಿಸಬೇಕಾಯಿತು. ಅದೇ ವರ್ಷದ ಸಪ್ಟೆಂಬರಿನಲ್ಲಿ ಅಮೇರಿಕವೂ ನವೆಂಬರಿನಲ್ಲಿ ಯುರೋಪಿನ ಒಕ್ಕೂಟವೂ ನೂರು ಮಿಲಿಲೀಟರಿನ ಮಿತಿಯನ್ನು ತಂದವು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2007ರ ಮಾರ್ಚ್ 1ರೊಳಗೆ ಎಲ್ಲ ದೇಶಗಳೂ ಇದನ್ನು ಜಾರಿಗೆ ತರಬೇಕೆಂದು ಶಿಫಾರಸು ಮಾಡಿತು.

ಹತ್ತು ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನದ ಒಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿಟ್ಟಿರುತ್ತಾರೆ. ಹೊರಗಿನ ಒತ್ತಡವು ಅದಕ್ಕಿಂತ ಬಹಳ ಕಡಿಮೆ. ಗಾಳಿ ತುಂಬಿದ ಬುಗ್ಗೆಯಂತೆ ಬಿಗಿದು ನಿಂತ ಆ ಒಡಲಿನ ತೆಳು ತಗಡಿನಲ್ಲಿ ಬಿರುಕು ಬಿದ್ದರೆ ಒಳಗಿನ ಗಾಳಿಯೇ ಅದನ್ನು ಹಿಗ್ಗಿಸಿ ಹರಿಯಬಲ್ಲದು. ನೆಲದ ಮೇಲೆ ಒಂದು ಕೋಣೆಯನ್ನಷ್ಟೇ ಕೆಡಿಸುವ ಸ್ಫೋಟವು ಅಲ್ಲಿ ನೂರಾರು ಜನರ ಪ್ರಾಣಕ್ಕೆ ಎರವಾಗಬಹುದು. ತೀರ ಸಣ್ಣ ಪಾತ್ರೆಗಳಲ್ಲಿ ಹಂಚಿಹೋದ ದ್ರವದಿಂದ ಅಂಥ ಹಾನಿ ಮಾಡುವುದು ಕಷ್ಟವೆಂಬ ತಜ್ಞರ ಅಂದಾಜಿನ ಮೇಲೆ ಈ ಮಿತಿಯು ನಿಂತಿದೆ. ಇದು ಪ್ರಕೃತಿಯ ನಿಯಮವೇನಲ್ಲ, ಮನುಷ್ಯರು ಮಾಡಿಕೊಂಡ ಒಂದು ರಾಜಿ ಎಂದೇ ನಮ್ಮ ತಿಳಿವಳಿಕೆ.

ಇನ್ನು ಯಂತ್ರದ ಮಾತು. ತಪಾಸಣೆಯ ಯಂತ್ರದಲ್ಲಿ ಕ್ಷ-ಕಿರಣಗಳು ಚೀಲವನ್ನು ಹಾದು ಆಚೆ ಬದಿಯ ಗ್ರಾಹಕಗಳ ಮೇಲೆ ಬೀಳುತ್ತವೆ. ದಾರಿಯಲ್ಲಿ ಎಷ್ಟು ಹೀರಲ್ಪಟ್ಟವೆಂಬುದೇ ಚಿತ್ರವಾಗಿ ಮೂಡುತ್ತದೆ. ಎಂದರೆ ನಮಗೆ ದೊರೆಯುವುದು ವಸ್ತುವಲ್ಲ, ವಸ್ತುವಿನ ನೆರಳು. ದಪ್ಪ ಕಂಬಳಿಯ ಒಂದೇ ಪದರವನ್ನೂ ತೆಳ್ಳನೆಯ ಧೋತರದ ಹತ್ತು ಮಡಿಕೆಗಳನ್ನೂ ಬಿಸಿಲಿಗೆ ಹಿಡಿದರೆ ಎರಡರ ನೆರಳೂ ಒಂದೇ ಬಗೆಯಾಗಿ ಕಾಣಬಹುದಲ್ಲವೆ? ಹಾಗೆಯೇ ಕಡಿಮೆ ಸಾಂದ್ರತೆಯ ದಪ್ಪ ವಸ್ತುವೂ ಹೆಚ್ಚು ಸಾಂದ್ರತೆಯ ತೆಳು ವಸ್ತುವೂ ಕ್ಷ-ಕಿರಣಕ್ಕೆ ಸರಿಸಮಾನ. ಈ ದೋಷವನ್ನು ಕಡಿಮೆ ಮಾಡಲು ಎರಡು ಬೇರೆ ಬೇರೆ ಶಕ್ತಿಯ ಕಿರಣಗಳನ್ನು ಬಳಸುತ್ತಾರೆ. ಆಗ ವಸ್ತುವಿನ ಪರಮಾಣುಗಳು ಹಗುರವೋ ಭಾರವೋ ಎಂಬುದು ತಿಳಿದು, ಲೋಹಗಳು ನೀಲಿಯಾಗಿಯೂ, ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದ ವಸ್ತುಗಳು ಕಿತ್ತಳೆ ಬಣ್ಣದಲ್ಲಿಯೂ ಪರದೆಯ ಮೇಲೆ ತೋರುತ್ತವೆ. ಚಾಕುವನ್ನು ಹಿಡಿಯಲು ಇಷ್ಟು ಸಾಕು. ಆದರೆ ನೀರು, ಎಣ್ಣೆ, ಹಾಲು, ಕಾಕಂಬಿ ಎಲ್ಲವೂ ಕಿತ್ತಳೆಯೇ. ದ್ರವ ಸ್ಫೋಟಕವೂ ಕಿತ್ತಳೆಯೇ.

ನೀರಿನ ಅಣುವಿನಲ್ಲಿ ಎರಡು ಜಲಜನಕದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಇರುತ್ತವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅದಕ್ಕೆ ಇನ್ನೊಂದು ಆಮ್ಲಜನಕವು ಸೇರಿದರೆ ಹೈಡ್ರೊಜನ್ ಪೆರಾಕ್ಸೈಡು. ಎರಡೂ ಬಣ್ಣವಿಲ್ಲದ ದ್ರವಗಳು. ಪರಮಾಣುಗಳ ಜಾತಿಯೂ ಒಂದೇ. ವ್ಯತ್ಯಾಸವಿರುವುದು ಮುಖ್ಯವಾಗಿ ಸಾಂದ್ರತೆಯಲ್ಲಿ. ನೀರಿನದು ಘನ ಸೆಂಟಿಮೀಟರಿಗೆ ಒಂದು ಗ್ರಾಂ ಆದರೆ ಶುದ್ಧ ಪೆರಾಕ್ಸೈಡಿನದು ಸುಮಾರು 1.45 ಗ್ರಾಂ. ಸಾಂದ್ರತೆಯನ್ನೇ ಅಳೆದರಾಯಿತಲ್ಲ ಎನ್ನುವಿರಾ? ಜೇನುತುಪ್ಪದ ಸಾಂದ್ರತೆ ಸುಮಾರು 1.4, ಗಟ್ಟಿಯಾಗಿ ಕಾಸಿದ ಕಾಕಂಬಿಯದೂ ಅದರ ಆಸುಪಾಸಿನಲ್ಲಿಯೇ ಇರುತ್ತದೆ. ಅಲಖನೂರದ ಬಾಟಲಿಯು ನೀರಿಗಿಂತಲೂ ಹೆಚ್ಚಿನ ಸಂಶಯಕ್ಕೆ ಗುರಿಯಾಗುವುದು ಹೀಗೆ. 2010ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿದ್ದ ಕೆಲವು ಬಾಟಲಿಗಳು ಪರೀಕ್ಷೆಯಲ್ಲಿ ಸ್ಫೋಟಕವೆಂಬ ಸೂಚನೆ ಕೊಟ್ಟವು, ನಿಲ್ದಾಣವನ್ನೇ ಮುಚ್ಚಬೇಕಾಯಿತು. ಕೊನೆಗೆ ನೋಡಿದರೆ ಅವುಗಳಲ್ಲಿದ್ದುದು ಜೇನುತುಪ್ಪ!

ದ್ರವವೆಂದರೆ ಯಾವುದು ಎಂಬ ತಕರಾರೂ ಸಾಮಾನ್ಯವಾದುದಲ್ಲ. ಪಠ್ಯಪುಸ್ತಕವು ಘನ, ದ್ರವ, ಅನಿಲವೆಂದು ಮೂರು ಪಂಗಡ ಮಾಡಿ ಮುಗಿಸುತ್ತದೆ. ಗಾಣದ ಮುಂದೆ ನಿಂತವರಿಗೆ ವಿಷಯವು ಅಷ್ಟು ಸರಳವಲ್ಲವೆಂಬುದು ಗೊತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಮೊದಲು ನೀರಿನಂತೆ ಹರಿಯುತ್ತದೆ, ಆಮೇಲೆ ಕಾಕಂಬಿಯಾಗಿ ಎಳೆಯೆಳೆಯಾಗಿ ಇಳಿಯುತ್ತದೆ, ಹದ ಬಂದಮೇಲೆ ಅಚ್ಚಿನಲ್ಲಿ ಕಲ್ಲಿನಂತೆ ಕೂಡ್ರುತ್ತದೆ. ಎಲ್ಲಿ ದ್ರವವು ಮುಗಿದು ಘನವು ಮೊದಲಾಯಿತೆಂದು ಗೆರೆ ಎಳೆಯುವವರು ಯಾರು? ತುಪ್ಪವಂತೂ ನಮ್ಮ ಸೀಮೆಯಲ್ಲಿ ವೈಶಾಖದಲ್ಲಿ ದ್ರವ, ಪುಷ್ಯದಲ್ಲಿ ಘನ. ತಪಾಸಣೆಯವರು ಋತುಮಾನವನ್ನು ನೋಡುವುದಿಲ್ಲ. ಸುರಿಯಬಹುದಾದ, ಸವರಬಹುದಾದ, ಸಿಂಪಡಿಸಬಹುದಾದ ವಸ್ತುವೆಲ್ಲವೂ ಅವರ ಲೆಕ್ಕದಲ್ಲಿ ದ್ರವವೇ. ಹಲ್ಲುಜ್ಜುವ ಪೇಸ್ಟೂ ದ್ರವ. ಅಮೇರಿಕದ ಅಧಿಕಾರಿಗಳು 2023ರಲ್ಲಿ ಶೇಂಗಾದ ಬೆಣ್ಣೆಯನ್ನೂ ಈ ವರ್ಗಕ್ಕೇ ಸೇರಿಸಿ ಹೇಳಿದರು. ನಮ್ಮ ಶೇಂಗಾ ಚಟ್ನಿಪುಡಿಗೆ ಆ ಭಯವಿಲ್ಲ. ಭಾರತದಲ್ಲಿ ತೆಂಗಿನಕಾಯಿಯೂ ಕೈಚೀಲಕ್ಕೆ ನಿಷಿದ್ಧವಾದುದು. ಆದರೆ ಶಬರಿಮಲೆಯ ಯಾತ್ರಿಕರ ಇರುಮುಡಿಯಲ್ಲಿನ ಕಾಯಿಗೆ, ಕ್ಷ-ಕಿರಣ ಮತ್ತು ಸ್ಫೋಟಕ ಪರೀಕ್ಷೆಗಳ ನಂತರ, ವಾಯುಯಾನ ಭದ್ರತಾ ಇಲಾಖೆಯವರು 2024ರ ಅಕ್ಟೋಬರಿನಿಂದ ಆ ಸಲದ ಯಾತ್ರೆಯ ಕಾಲ ಮುಗಿಯುವವರೆಗೆ ಅನುಮತಿ ಕೊಟ್ಟರು.

ಮುಚ್ಚಿದ ಬಾಟಲಿಯನ್ನು ತೆರೆಯದೆ ಅದರೊಳಗಿನ ವಸ್ತುವನ್ನು ಹೆಸರು ಹಿಡಿದು ಹೇಳುವ ಉಪಾಯವಿಲ್ಲವೆ? ಇದೆ, ಅದರ ಬೇರು ನಮ್ಮ ದೇಶದಲ್ಲಿಯೇ ಇದೆ. 1928ರ ಫೆಬ್ರವರಿಯಲ್ಲಿ ಕಲಕತ್ತೆಯಲ್ಲಿ ಸಿ. ವಿ. ರಾಮನ್ನರೂ ಕೆ. ಎಸ್. ಕೃಷ್ಣನ್ನರೂ ಶುದ್ಧೀಕರಿಸಿದ ದ್ರವಗಳ ಮೂಲಕ ಬೆಳಕನ್ನು ಹಾಯಿಸಿ, ಚದರಿದ ಬೆಳಕಿನ ಅತ್ಯಲ್ಪ ಭಾಗವು ಬಣ್ಣ ಬದಲಿಸಿಕೊಂಡು ಬರುವುದನ್ನು ಕಂಡರು. ಅವರು ಪರೀಕ್ಷಿಸಿದ ಸಾಮಾನ್ಯ ದ್ರವಗಳು ಅರವತ್ತರಷ್ಟು. ಬೆಳಕು ಅಣುವಿಗೆ ತಗಲಿದಾಗ ಅಣುವಿನ ಬಂಧಗಳು ಕಂಪಿಸುತ್ತವೆ. ಆ ಕಂಪನಕ್ಕೆ ತೆತ್ತಷ್ಟು ಶಕ್ತಿಯು ಬೆಳಕಿನಲ್ಲಿ ಕಡಿಮೆಯಾಗುತ್ತದೆ. ಪ್ರತಿಯೊಂದು ಬಂಧದ ಕಂಪನವೂ ಬೇರೆಯಾದುದರಿಂದ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಗೆರೆಗಳ ಗುರುತುಂಟು. ಪೆರಾಕ್ಸೈಡಿನಲ್ಲಿ ಎರಡು ಆಮ್ಲಜನಕಗಳು ಕೈ ಹಿಡಿದುಕೊಂಡಿರುವ ಬಂಧವು ಸೆಂಟಿಮೀಟರಿಗೆ ಸುಮಾರು 877 ಅಲೆಗಳ ಸ್ಥಾನದಲ್ಲಿ ಗೆರೆಯನ್ನು ಕೊಡುತ್ತದೆ. ನೀರಿನಲ್ಲಿ ಆ ಬಂಧವೇ ಇಲ್ಲ. ಸಕ್ಕರೆಯ ಗುರುತೇ ಬೇರೆ. ಕ್ಷ-ಕಿರಣವು ಗೊಂದಲಗೊಂಡಲ್ಲಿ ರಾಮನ್ ಬೆಳಕು ಸಂದೇಹಕ್ಕೆ ಎಡೆಗೊಡದೆ ಹೇಳಬಲ್ಲದು.

ಬಾಟಲಿಯ ಗೋಡೆಯೇ ಬೆಳಕನ್ನು ಚದರಿಸಿ ಒಳಗಿನ ಗುರುತನ್ನು ಮರೆಮಾಡುವುದು ಇದರಲ್ಲಿ ದೊಡ್ಡ ತೊಡಕಾಗಿತ್ತು. ಬ್ರಿಟನ್ನಿನ ರುದರ್‌ಫರ್ಡ್ ಆಪಲ್ಟನ್ ಪ್ರಯೋಗಶಾಲೆಯವರು ಲೇಸರ್ ಬೆಳಕನ್ನು ಒಂದು ಕಡೆ ಹಾಯಿಸಿ, ಸ್ವಲ್ಪ ಆಚೆ ಸರಿದ ಜಾಗದಿಂದ ಮರಳಿ ಹಿಡಿದರು. ಹೀಗೆ ಸರಿದು ಬಂದ ಬೆಳಕಿನಲ್ಲಿ ಗೋಡೆಯ ಪಾಲು ಕಡಿಮೆ, ಒಡಲಿನ ಪಾಲು ಹೆಚ್ಚು. ಈ ತತ್ತ್ವದ ಮೇಲೆ ಕಟ್ಟಿದ ಯಂತ್ರವು ಕೆಲವೇ ಕ್ಷಣಗಳಲ್ಲಿ ತೀರ್ಪು ಕೊಡುತ್ತದೆ. ಯುರೋಪಿನಲ್ಲಿ 2014ರ ಜನವರಿ ಕೊನೆಯಿಂದ ಔಷಧ, ಕೂಸಿನ ಆಹಾರ ಮುಂತಾದ ವಿನಾಯಿತಿಯ ದ್ರವಗಳನ್ನು ಯಂತ್ರದಿಂದಲೇ ಪರೀಕ್ಷಿಸುವ ಪದ್ಧತಿ ಬಂದಾಗ ಇಂಥ ಉಪಕರಣಗಳಿಗೆ ಕೆಲಸ ಸಿಕ್ಕಿತು. ಇನ್ಸುಲಿನ್ ಇಲ್ಲದೆ ದಿನ ಕಳೆಯಲಾರದ ರೋಗಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಸ್ಟೀಲಿನ ಡಬ್ಬಿಯೊಳಕ್ಕೆ ಬೆಳಕು ಹೋಗದು. ಮೇಲಾಗಿ ಬಾಟಲಿಗಳನ್ನು ಒಂದೊಂದಾಗಿ ಇಡಬೇಕು. ಎಲ್ಲರ ಎಲ್ಲ ಬಾಟಲಿಗಳನ್ನೂ ಹೀಗೆ ನೋಡುತ್ತ ಹೋದರೆ ವಿಮಾನವು ಸಂಜೆಯವರೆಗೂ ಏಳದು.

ಆದುದರಿಂದ ಚೀಲವನ್ನು ಇಡಿಯಾಗಿ ನೋಡುವ ಯಂತ್ರವನ್ನೇ ಸುಧಾರಿಸಬೇಕಾಯಿತು. ಇದಕ್ಕೆ ದಾರಿಯನ್ನು ತೋರಿಸಿದುದು ಆಸ್ಪತ್ರೆ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರರ ಯಂತ್ರವು ರೋಗಿಯ ತಲೆಯನ್ನು ಅನೇಕ ದಿಕ್ಕುಗಳಿಂದ ಕ್ಷ-ಕಿರಣದಲ್ಲಿ ನೋಡಿ, ಆ ನೆರಳುಗಳನ್ನೆಲ್ಲ ಗಣಕದಲ್ಲಿ ಜೋಡಿಸಿ ಒಳಗಿನ ಬಿಲ್ಲೆಗಳ ಚಿತ್ರವನ್ನು ಕೊಟ್ಟಿತು. ಅದೇ ಸಿ. ಟಿ. ಯಂತ್ರ; 1979ರಲ್ಲಿ ಅವರಿಗೂ ಕಾರ್ಮ್ಯಾಕರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಒಂದೇ ನೆರಳಿನಿಂದ ದಪ್ಪವನ್ನೂ ಸಾಂದ್ರತೆಯನ್ನೂ ಬೇರ್ಪಡಿಸಲು ಬಾರದು. ಸುತ್ತಲಿನಿಂದ ತೆಗೆದ ನೂರಾರು ನೆರಳುಗಳಿಂದ ಬರುತ್ತದೆ. ಸವತೆಕಾಯಿಯನ್ನು ಹೆಚ್ಚಿ ಬಿಲ್ಲೆ ಬಿಲ್ಲೆಯಾಗಿ ನೋಡಿದಂತೆ ಚೀಲದ ಪ್ರತಿ ಬಿಂದುವಿನ ಸಾಂದ್ರತೆಯೂ ತಿಳಿಯುತ್ತದೆ. ಅದಕ್ಕೆ ಎರಡು ಶಕ್ತಿಗಳ ಕಿರಣವನ್ನೂ ಕೂಡಿಸಿದರೆ, ಸಾಂದ್ರತೆಯಲ್ಲಿ ನೆರೆಹೊರೆಯವರಾದ ಕಾಕಂಬಿ, ಪೆರಾಕ್ಸೈಡುಗಳನ್ನೂ ಬೇರ್ಪಡಿಸುವ ಸಂಭವವು ಹೆಚ್ಚುತ್ತದೆ.

ಇಂಥ ಯಂತ್ರಗಳು ಬಂದ ನಿಲ್ದಾಣಗಳಲ್ಲಿ ಮಿತಿಯು ಸಡಿಲಾಗತೊಡಗಿದೆ. ಆದರೆ ಹಾದಿಯು ನೇರವಾಗಿಲ್ಲ. ಬ್ರಿಟನ್ನಿನಲ್ಲಿ ಕೆಲವು ನಿಲ್ದಾಣಗಳು 2023ರಿಂದ ಸಡಿಲಿಕೆಯನ್ನು ಕೊಟ್ಟಿದ್ದರೂ 2024ರ ಜೂನಿನಲ್ಲಿ ಸರಕಾರವು ಹಳೆಯ ಮಿತಿಯನ್ನೇ ಮರಳಿ ಹೇರಿತು. ಅದೇ ಸಪ್ಟೆಂಬರಿನಲ್ಲಿ ಯುರೋಪಿನ ಒಕ್ಕೂಟವೂ ಹಾಗೆಯೇ ಮಾಡಿತು. 2025ರ ಜುಲೈಯಲ್ಲಿ ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳಲ್ಲಿ ಎರಡು ಲೀಟರಿನವರೆಗಿನ ಪಾತ್ರೆಗಳಿಗೆ ಅಪ್ಪಣೆಯಾಯಿತು. ನಮ್ಮ ದೇಶದಲ್ಲಿಯೂ ದೊಡ್ಡ ನಿಲ್ದಾಣಗಳು ಇಂಥ ಯಂತ್ರಗಳನ್ನು ಕೂಡಿಸಬೇಕೆಂದು ಭದ್ರತಾ ಇಲಾಖೆಯವರು ಸೂಚಿಸಿದ್ದಾರೆ. ಆದರೆ ಒಂದು ಕಡೆ ಬಿಟ್ಟ ಬಾಟಲಿಯನ್ನು ನಡುವೆ ವಿಮಾನ ಬದಲಿಸುವ ಇನ್ನೊಂದು ಕಡೆ ಕಸಿದುಕೊಳ್ಳಬಹುದು; ಹಳೆಯ ಯಂತ್ರವು ಎಲ್ಲಿಯವರೆಗೆ ಒಂದು ಕೊಂಡಿಯಾಗಿ ಉಳಿದಿರುವುದೋ ಅಲ್ಲಿಯವರೆಗೆ ಸರಪಳಿಯ ಬಲವು ಅಷ್ಟೇ.

ಅಷ್ಟರವರೆಗೆ ಅಲಖನೂರದ ತಾಯಿಯು ಬಾಟಲಿಯನ್ನು ಪ್ಲಾಸ್ಟಿಕ್ಕಿನ ಎರಡು ಚೀಲಗಳಲ್ಲಿ ಬಿಗಿದು, ಮೆತ್ತನೆಯ ಬಟ್ಟೆಗಳ ನಡುವೆ ದೊಡ್ಡ ಪೆಟ್ಟಿಗೆಯಲ್ಲಿಯೇ ಇಡುವುದು ಲೇಸು. ವಿಮಾನದ ಹೊಟ್ಟೆಯೊಳಕ್ಕೆ ಹೋಗುವ ಪೆಟ್ಟಿಗೆಗಳನ್ನು ಬೇರೆ ಯಂತ್ರಗಳಲ್ಲಿ ಪರೀಕ್ಷಿಸುತ್ತಾರೆ. ಹಾರುವಾಗ ಅವು ಯಾರ ಕೈಗೂ ಸಿಕ್ಕುವುದಿಲ್ಲವಾದುದರಿಂದ ನೂರು ಮಿಲಿಲೀಟರಿನ ಮಿತಿಯು ಅವಕ್ಕೆ ಅನ್ವಯಿಸದು. ಬಾಟಲಿಯ ಕತ್ತಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡಬೇಕು. ಅದೇ ಕೊಪ್ಪರಿಗೆಯ ಬೆಲ್ಲದ ಅಚ್ಚಾದರೆ ಕೈಚೀಲದಲ್ಲಿಯೇ ಇರಬಹುದು. ಪರದೆಯ ಮೇಲೆ ಅದೊಂದು ಕಿತ್ತಳೆ ಬಣ್ಣದ ಗಟ್ಟಿ ಮುದ್ದೆಯಾಗಿ ಕಾಣುವುದರಿಂದ ಚೀಲವನ್ನು ಬಿಚ್ಚಿಸಿ ನೋಡಿಯಾರು, ನೋಡಿ, ಬಿಟ್ಟಾರು.