ಗುಂಡಿ ಇದೆ, ಹಾಜರಿ ಇಲ್ಲ: ಕೆಲಸ ಅಳೆಯೋ ಆ್ಯಪ್‌ಗಳು ನಿಜಕ್ಕೂ ಅಳೆಯೋದೇನು?

ಕುಣಿಗಲ್‌ನಿಂದ ಮಾತಾಡ್ತಿದ್ದೀನಿ. ಯಶವಂತಪುರದ ರೈಲಲ್ಲೋ, ನೆಲಮಂಗಲದ ಟ್ರಾಫಿಕ್‌ನಲ್ಲಿ ನಿಂತ ಬಸ್ಸಲ್ಲೋ ಇದನ್ನ ಕೇಳ್ತಿರೋರಿಗೆ ಮೊದಲು ಒಂದು ಪ್ರಶ್ನೆ. ನೀವು ಇವತ್ತು ಕೆಲಸ ಮಾಡಿದ್ದೀರಿ ಅಂತ ನಿಮ್ಮ ಕಂಪನಿಗೆ ಹೇಗೆ ಗೊತ್ತಾಗುತ್ತೆ? ಬೆರಳಚ್ಚು ಕೊಟ್ಟಿರ್ತೀರಿ. ಲಾಗಿನ್ ಆಗಿರ್ತೀರಿ. ಚಾಟ್‌ನಲ್ಲಿ ನಿಮ್ಮ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಉರೀತಿರುತ್ತೆ. ಅಷ್ಟು ಸಾಕಾ?

ಕೆಲಸದ ಜಾಗದ ಟೆಕ್ನಾಲಜಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ಐಟಿ ಪಾರ್ಕು. ಆದರೆ ಈ ದೇಶದಲ್ಲಿ ನೌಕರರ ಮೇಲೆ ಕಣ್ಣಿಡೋ ಆ್ಯಪ್‌ನ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಎಸಿ ಆಫೀಸಲ್ಲಿ ಅಲ್ಲ, ಕೆರೆ ಅಂಗಳದಲ್ಲಿ. ನಮ್ಮ ತಾಲೂಕಿನ ಪಂಚಾಯ್ತಿಗಳಲ್ಲೂ ಅದು ನಡೆದಿದೆ. ಅದರ ಹೆಸರು ಎನ್‌ಎಂಎಂಎಸ್. ನರೇಗಾ ಕೂಲಿ ಕೆಲಸದ ಹಾಜರಿ ಹಾಕೋ ಮೊಬೈಲ್ ಆ್ಯಪ್. ನಿಮ್ಮ ಅಮ್ಮನೋ, ಅತ್ತೆನೋ, ಪಕ್ಕದ ಮನೆ ಅಕ್ಕನೋ ಉದ್ಯೋಗ ಖಾತರಿ ಕೆಲಸಕ್ಕೆ ಹೋಗಿದ್ರೆ ಅವರ ಫೋಟೋ ಇದರಲ್ಲಿ ಇರಬೇಕು.

ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನ ಶುರು ಮಾಡಿದ್ದು 2021ರ ಮೇ ತಿಂಗಳಲ್ಲಿ. ಒಂದು ವರ್ಷ ಬಿಟ್ಟು, 20 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಾಮಗಾರಿಗಳಿಗೆ ಕಡ್ಡಾಯ ಆಯ್ತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿಗಳನ್ನ ಬಿಟ್ಟು ಉಳಿದ ಎಲ್ಲಕ್ಕೂ ಕಡ್ಡಾಯ. ನಿಯಮ ಕೇಳೋಕೆ ಸರಳ. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ ತೆಗೀಬೇಕು. ಜಾಗ, ಸಮಯ ಎರಡೂ ಫೋಟೋ ಜೊತೆ ದಾಖಲಾಗ್ಬೇಕು. ತೆಗೆಯೋರು ಮೇಟ್, ನಮ್ಮ ರಾಜ್ಯದಲ್ಲಿ ಅವರಿಗೆ ಕಾಯಕ ಬಂಧು ಅಂತ ಹೆಸರು.

ಇದನ್ನ ತಂದ ಕಾರಣ ಸುಳ್ಳಲ್ಲ, ಅದನ್ನ ಒಪ್ಕೋಬೇಕು. ಊರಲ್ಲೇ ಇಲ್ಲದವರ ಹೆಸರು ಎನ್‌ಎಂಆರ್‌ನಲ್ಲಿ ಬರೋದು, ರಾತ್ರಿ ಜೆಸಿಬಿ ಕೆಲಸ ಮಾಡಿ ಬೆಳಿಗ್ಗೆ ಕೂಲಿ ಲೆಕ್ಕ ಬರೆಯೋದು, ಇದನ್ನೆಲ್ಲ ಹಳ್ಳಿ ಕಡೆ ಬೆಳೆದವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಫೋಟೋ ಇದ್ರೆ ಕಳ್ಳತನ ನಿಲ್ಲುತ್ತೆ ಅನ್ನೋದು ಲೆಕ್ಕಾಚಾರ.

ಈಗ ನೀವೇ ಒಬ್ಬ ಕಾಯಕ ಬಂಧು ಅಂದ್ಕೊಳ್ಳಿ. ಹುತ್ರಿದುರ್ಗದ ಬೆಟ್ಟದ ಮಗ್ಗುಲಿಗೆ ಟ್ರೆಂಚ್ ತೋಡೋ ಕೆಲಸ. ಮೂವತ್ತು ಜನ. ಫೋನ್ ನಿಮ್ದು, ಡೇಟಾ ನಿಮ್ದು. ಬೆಳಿಗ್ಗೆ ಒಬ್ಬೊಬ್ಬರ ಹೆಸರು ನೋಡಿ ಹಾಜರಿ ಒತ್ತಿ, ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೀತೀರಿ. ಸಿಗ್ನಲ್ ಇಲ್ಲ. ನೆಟ್ ಇಲ್ಲದಾಗ ಫೋಟೋ ಫೋನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುತ್ತೆ ಅಂತ ಆ್ಯಪ್‌ನಲ್ಲಿ ವ್ಯವಸ್ಥೆ ಇದೆ, ನಿಜ. ಆದರೆ ಆ್ಯಪ್ ಅರ್ಧಕ್ಕೆ ನಿಂತ್ರೆ, ಸರ್ವರ್ ಸಿಗದೆ ಹೋದ್ರೆ, ಫೋನ್ ಚಾರ್ಜ್ ಮುಗಿದ್ರೆ? ಮೂವತ್ತು ಜನ ಅವತ್ತು ಲೆಕ್ಕದಲ್ಲಿ ಇಲ್ಲ. ಬೆವರು ಹರಿಸಿದ್ದಾರೆ, ಗುಂಡಿ ಕಣ್ಣೆದುರಿಗೆ ಇದೆ, ಹಾಜರಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಆಯ್ತು. ಒಂದು ಫೋಟೋ ಬೀಳಲಿಲ್ಲ ಅಂದ್ರೆ ಒಬ್ಬೊಬ್ಬರಿಗೂ ಹೋಗೋದು ಆ 370. ಹೋದ ಕೂಲಿ ವಾಪಸ್ ಬರಬೇಕಾದ್ರೆ ಪಂಚಾಯ್ತಿಗೆ ಅಲೆದು, ತಾಲೂಕಿಗೆ ಅರ್ಜಿ ಹೋಗಿ, ಮೇಲಿನವರ ಅನುಮತಿ ಬಂದು... ಅಲೆಯೋಕೆ ಹೋದ ದಿನದ ಕೂಲಿನೂ ಹೋಗುತ್ತಲ್ಲ, ಅದನ್ನ ಯಾರೂ ಲೆಕ್ಕ ಹಾಕಲ್ಲ.

ಇದು ಒಂದು ಊರಿನ ಗೋಳಲ್ಲ. ಕಡ್ಡಾಯ ಆದ ಎರಡೇ ತಿಂಗಳೊಳಗೆ, 2023ರ ಫೆಬ್ರವರಿಯಲ್ಲಿ, ಬೇರೆ ಬೇರೆ ರಾಜ್ಯದ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ಗೆ ಹೋಗಿ ಧರಣಿ ಕೂತ್ರು. ಅವರು ಎತ್ತಿದ ಮುಖ್ಯ ವಿಷಯಗಳಲ್ಲಿ ಈ ಆ್ಯಪ್ ಕೂಡ ಒಂದು.

ಎರಡನೇ ಫೋಟೋದ ಕಥೆ ಇನ್ನೂ ಸ್ವಾರಸ್ಯ. ನರೇಗಾದಲ್ಲಿ ಕೂಲಿ ಕೊಡೋದು ಬರೀ ಬಂದು ನಿಂತಿದ್ದಕ್ಕಲ್ಲ. ಎಂಜಿನಿಯರ್ ಬಂದು ಎಷ್ಟು ಘನ ಮೀಟರ್ ಮಣ್ಣು ಎತ್ತಿದ್ದೀರಿ ಅಂತ ಟೇಪ್ ಹಿಡಿದು ಅಳೀತಾರೆ, ಅದರ ಮೇಲೆ ಕೂಲಿ. ಅಂದ್ರೆ ಕೆಲಸ ಅಳೆಯೋ ವ್ಯವಸ್ಥೆ ಮೊದಲೇ ಇತ್ತು! ಹಾಗಾಗಿ ಬೇಸಿಗೆಯಲ್ಲಿ ಜನ ಬೆಳಕು ಹರಿಯೋ ಹೊತ್ತಿಗೇ ಬಂದು, ಬಿಸಿಲು ಏರೋ ಮೊದಲು ಅವತ್ತಿನ ಅಳತೆ ಮುಗಿಸಿ, ಮನೆಗೆ ಹೋಗಿ ದನ ನೋಡ್ಕೋತಿದ್ರು. ಫೋಟೋ ನಿಯಮ ಬಂದ ಮೇಲೆ ಕೆಲಸ ಮುಗಿದ್ರೂ ಎರಡನೇ ಫೋಟೋಗೆ ಕಾಯಬೇಕು, ಇಲ್ಲಾ ಮನೆಗೆ ಹೋಗಿ ಮತ್ತೆ ಬರಬೇಕು. ಬೇಗ ಕೆಲಸ ಮುಗಿಸಿದವರಿಗೆ ಸಿಕ್ಕ ಬಹುಮಾನ ಏನಪ್ಪಾ ಅಂದ್ರೆ, ಮರದ ಕೆಳಗೆ ಕೂತು ಕಾಯೋದು. ಇದನ್ನ ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಉತ್ಪಾದಕತೆ ಅಂತಾರೋ ನಂಗೊತ್ತಿಲ್ಲ.

ಪುಸ್ತಕ ಅಂದಾಗ ನೆನಪಾಯ್ತು. ಬಿ.ಕಾಂ. ಮಾಡಿದ ಯಾರನ್ನೇ ಕೇಳಿ, ಎಫ್. ಡಬ್ಲ್ಯೂ. ಟೇಲರ್ ಹೆಸರು ಬಾಯಿಪಾಠ ಇರುತ್ತೆ. ಸೈಂಟಿಫಿಕ್ ಮ್ಯಾನೇಜ್‌ಮೆಂಟ್, 1911, ಐದು ಮಾರ್ಕ್ಸ್. ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಹಿಂದೆ ನಿಂತ ಮನುಷ್ಯ. ಅಮೆರಿಕದ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಒಬ್ಬ ಕೂಲಿಯಾಳು ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರ್ತಿದ್ದದ್ದನ್ನ ನಲವತ್ತೇಳೂವರೆ ಟನ್‌ಗೆ ಏರಿಸಿದೆ ಅಂತ ಬರ್ಕೊಂಡ. ಅವನನ್ನ ಬೈಯೋರು ಬೇಕಾದಷ್ಟು ಜನ ಇದ್ದಾರೆ, ಬೈಯೋಕೆ ಕಾರಣಾನೂ ಇದೆ. ಆದರೂ ಅವನು ಎಣಿಸಿದ್ದು ಕಬ್ಬಿಣವನ್ನ. ನಮ್ಮ ಆ್ಯಪ್ ಎಣಿಸೋದು ಮುಖವನ್ನ.

ಮುಖ ಎಣಿಸೋಕೆ ಹೊರಟ್ರೆ ಏನಾಗುತ್ತೆ ಅನ್ನೋದು ಸರ್ಕಾರದ್ದೇ ಕಾಗದದಲ್ಲಿದೆ. 2025ರ ಜುಲೈನಲ್ಲಿ ಅದೇ ಸಚಿವಾಲಯ ಎಲ್ಲ ರಾಜ್ಯಗಳಿಗೆ ಒಂದು ಪತ್ರ ಬರೀತು. ಆ್ಯಪ್ ದುರುಪಯೋಗ ಯಾವ್ಯಾವ ರೀತಿ ಆಗ್ತಿದೆ ಅಂತ ಪಟ್ಟಿ ಮಾಡಿತ್ತು. ಸಂಬಂಧವೇ ಇಲ್ಲದ ಫೋಟೋ ಹಾಕಿದ್ದಾರೆ. ಹಳೇ ಫೋಟೋದ ಮುಂದೆ ಕ್ಯಾಮೆರಾ ಹಿಡಿದು, ಫೋಟೋದ ಫೋಟೋ ತೆಗೆದು ಕಳಿಸಿದ್ದಾರೆ. ಫೋಟೋದಲ್ಲಿ ಇರೋ ತಲೆ ಒಂದು ಲೆಕ್ಕ, ಹಾಜರಿ ಇನ್ನೊಂದು ಲೆಕ್ಕ. ಬೆಳಿಗ್ಗೆ ಇದ್ದವರು ಮಧ್ಯಾಹ್ನದ ಫೋಟೋದಲ್ಲಿ ಬೇರೆಯವರು. ಪರಿಹಾರ ಏನು ಸೂಚಿಸಿದ್ರು? ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ನೂರಕ್ಕೆ ನೂರು ಫೋಟೋಗಳನ್ನ ಮನುಷ್ಯರೇ ಕೂತು ನೋಡಿ ಪರಿಶೀಲಿಸಬೇಕು. ಅಂದ್ರೆ ಮನುಷ್ಯರ ಮೇಲೆ ನಂಬಿಕೆ ಇಲ್ಲ ಅಂತ ಆ್ಯಪ್ ತಂದ್ರು, ಆ್ಯಪ್ ಮೇಲೆ ನಂಬಿಕೆ ಹೋಗಿ ಮತ್ತೆ ಮನುಷ್ಯರನ್ನ ಕೂರಿಸಿದ್ರು. ಪಂಚಾಯ್ತಿ ಸಿಬ್ಬಂದಿಗೆ ಒಂದು ಕೆಲಸ ಜಾಸ್ತಿ ಆಯ್ತು. ಕಳ್ಳರಿಗೆ ದಾರಿ ಸಿಕ್ತು, ಗುಂಡಿ ತೋಡಿದವರಿಗೆ ಸಿಗ್ನಲ್ ಸಿಗಲಿಲ್ಲ.

ಸರಿ, ಇದು ಹಳ್ಳಿ ಕಥೆ ಅಂತ ಬೆಂಗಳೂರಿನಲ್ಲಿ ಕೂತವರು ಸ್ಕಿಪ್ ಮಾಡ್ಬೇಡಿ. ಮೌಸ್ ಜಿಗ್ಲರ್ ಕೇಳಿದ್ದೀರಲ್ಲ? ಮೌಸನ್ನ ತಾನಾಗೇ ಅಲ್ಲಾಡಿಸೋ ಪುಟ್ಟ ಸಾಧನ. ನೀವು ಟೀ ಕುಡಿಯೋಕೆ ಹೋದ್ರೂ ಹಸಿರು ಚುಕ್ಕೆ ಆರಲ್ಲ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್, ಕೀಬೋರ್ಡ್ ಓಡ್ತಿರೋ ಹಾಗೆ ನಟಿಸಿದ್ರು ಅಂತ ಹನ್ನೆರಡಕ್ಕೂ ಹೆಚ್ಚು ನೌಕರರನ್ನ ಕೆಲಸದಿಂದ ತೆಗೀತು. ಫೋಟೋದ ಫೋಟೋ ತೆಗೆದ ಮೇಟ್‌ಗೂ ಇವರಿಗೂ ಇರೋ ವ್ಯತ್ಯಾಸ ಸಂಬಳದ್ದು ಮಾತ್ರ. ಇಬ್ಬರೂ ಮಾಡಿದ್ದು ಒಂದೇ: ಯಾವುದನ್ನ ಅಳೀತೀರೋ ಅದನ್ನ ತಯಾರು ಮಾಡಿ ಕೊಟ್ರು.

ಮೈಕ್ರೋಸಾಫ್ಟ್ 2022ರಲ್ಲಿ 11 ದೇಶಗಳ 20 ಸಾವಿರ ಜನರನ್ನ ಕೇಳಿ ಒಂದು ವರದಿ ಮಾಡ್ತು. ಶೇ. 87ರಷ್ಟು ನೌಕರರು ನಾವು ಚೆನ್ನಾಗಿ ಕೆಲಸ ಮಾಡ್ತಿದ್ದೀವಿ ಅಂದ್ರು. ನಮ್ಮ ತಂಡ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಪೂರ್ತಿ ನಂಬಿಕೆ ಇದೆ ಅಂದ ಮೇಲಿನವರು ಶೇ. 12 ಮಾತ್ರ. ಈ ಅಂತರದಲ್ಲೇ ಕಣ್ಗಾವಲು ಸಾಫ್ಟ್‌ವೇರ್ ಮಾರೋ ಕಂಪನಿಗಳ ವ್ಯಾಪಾರ ನಡೆಯೋದು. ಗ್ರಾಹಕ ಯಾರು ಅಂತ ನೋಡಿ, ಆಗ ಅರ್ಥ ಆಗುತ್ತೆ. ಆ್ಯಪ್ ಕೊಳ್ಳೋರು ಮ್ಯಾನೇಜರ್. ಅವರಿಗೆ ಬೇಕಿರೋದು ನೆಮ್ಮದಿ. ಕೆಲಸ ಬೇಗ ಆಗೋದು ಬೇರೆ ವಿಷಯ.

ಹಾಗಂತ ಟೆಕ್ನಾಲಜಿಯಿಂದ ಕೆಲಸ ಹಗುರ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಪಹಣಿ. ನಿಮ್ಮಪ್ಪನ ಕಾಲದಲ್ಲಿ ಪಹಣಿ ಬೇಕಂದ್ರೆ ಗ್ರಾಮ ಲೆಕ್ಕಿಗರನ್ನ ಹುಡುಕ್ಕೊಂಡು ಹೋಗ್ಬೇಕಿತ್ತು. ಅವರು ಇವತ್ತು ಈ ಊರು, ನಾಳೆ ಆ ಊರು. ಕೈಬರಹದ ಪುಸ್ತಕ ಅವರ ಹತ್ರ. ಬೆಳೆ ಸಾಲಕ್ಕೆ ಬ್ಯಾಂಕ್ ಬಾಗಿಲಲ್ಲಿ ನಿಂತ ರೈತ ದಿನಗಟ್ಟಲೆ ಕಾಯೋದು, ಕೈ ಬೆಚ್ಚಗೆ ಮಾಡೋದು ಮಾಮೂಲು. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರ್‌ಗೆ ಹಾಕ್ತು. ತಾಲೂಕು ಕಚೇರಿ ಕಿಂಡಿಯಲ್ಲಿ 15 ರೂಪಾಯಿ ಕೊಟ್ರೆ ಅಲ್ಲೇ ಪ್ರಿಂಟು. ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸಾಲು. ಲಂಚ ಪೂರ್ತಿ ಹೋಯ್ತಾ? ಇಲ್ಲ, ತಾಲೂಕು ಕಚೇರಿ ಮೆಟ್ಟಿಲು ಹತ್ತಿದ ಯಾರೂ ಹೋಯ್ತು ಅನ್ನಲ್ಲ. ಆದರೆ ಪಹಣಿಗೆ ದಿನಗಟ್ಟಲೆ ಅಲೆಯೋದು ತಪ್ತು. ಅಲ್ಲಿ ಕಂಪ್ಯೂಟರ್ ಒಂದು ಹೆಜ್ಜೆಯನ್ನೇ ತೆಗೆದು ಹಾಕ್ತು. ರೈತನ ಕಾಯುವಿಕೆ ಕಡಿಮೆ ಆಯ್ತು, ಲೆಕ್ಕಿಗರ ಕೈಬರಹದ ಕೆಲಸಾನೂ ಕಡಿಮೆ ಆಯ್ತು.

ಅದೇ ಕಂದಾಯ ಇಲಾಖೆ, ಸುಮಾರು 25 ವರ್ಷ ಆದಮೇಲೆ ಏನಾಯ್ತು ನೋಡಿ. ಆ ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. 2024ರ ಸೆಪ್ಟೆಂಬರ್ 26ರಿಂದ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ರು. 2025ರ ಫೆಬ್ರವರಿಯಲ್ಲಿ ಮತ್ತೊಂದು ಸಲ. ಬೇಡಿಕೆ ಹಲವು ಇದ್ವು, ಮುಖ್ಯವಾದ ಒಂದು ಆ್ಯಪ್‌ಗಳ ಕಾಟ. ಸರ್ಕಾರಿ ಜಮೀನು ಒತ್ತುವರಿ ನೋಡೋಕೆ ಒಂದು, ಬಗರ್‌ಹುಕುಂ ಅರ್ಜಿಗೆ ಒಂದು, ಪಹಣಿಗೆ ಆಧಾರ್ ಜೋಡಿಸೋಕೆ ಒಂದು, ಪೌತಿ ಖಾತೆಗೆ ಒಂದು, ಹೀಗೆ ಹದಿನೈದಕ್ಕೂ ಹೆಚ್ಚು ಆ್ಯಪ್‌ಗಳು. ಒಂದೊಂದಕ್ಕೂ ಗುರಿ, ಗಡುವು. ಅವರು ಕೇಳಿದ್ದು ಏನು ಗೊತ್ತಾ? ಇಷ್ಟೆಲ್ಲ ಆ್ಯಪ್ ಓಡಿಸೋಕೆ ಒಂದು ಮೊಬೈಲು, ಒಂದು ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಕೂರೋಕೆ ಒಂದು ಕಚೇರಿ. ಒಂದೊಂದು ಆ್ಯಪನ್ನೂ ಪ್ರತ್ಯೇಕವಾಗಿ ನೋಡಿದ್ರೆ ಒಳ್ಳೇದೇ. ಎಲ್ಲ ಸೇರಿ ಬೀಳೋದು ಒಬ್ಬರದೇ ಫೋನಿಗೆ, ಒಬ್ಬರದೇ ದಿನಕ್ಕೆ.

ನನ್ನ ಪ್ರಕಾರ ಲೆಕ್ಕ ತಪ್ಪೋದು ಇಲ್ಲೇ. ಆಫೀಸಿಗೆ ಹೊಸ ಮೆಷಿನ್ ತಂದ್ರೆ ಅದರ ಖರ್ಚನ್ನ ಬರ್ಕೋತೀವಿ. ಹೊಸ ಆ್ಯಪ್ ತಂದಾಗ ಅದನ್ನ ತುಂಬೋರ ಸಮಯವನ್ನ ಯಾವ ಕಾಲಮ್‌ನಲ್ಲೂ ಬರ್ಕೊಳ್ಳಲ್ಲ. ಕಾಯಕ ಬಂಧುವಿನ ಡೇಟಾ ಪ್ಯಾಕ್, ಕೂಲಿಯವರು ಕಾದ ಗಂಟೆಗಳು, ಗ್ರಾಮ ಆಡಳಿತ ಅಧಿಕಾರಿಯ ಸಂಜೆ, ಕಂಪನಿಯಲ್ಲಿ ಶುಕ್ರವಾರ ಸಾಯಂಕಾಲ ಟೈಮ್‌ಶೀಟ್ ತುಂಬೋ ಅರ್ಧ ಗಂಟೆ. ಬ್ಯಾಲೆನ್ಸ್ ಶೀಟಲ್ಲಿ ಇದೆಲ್ಲ ಪುಕ್ಕಟೆ. ಪುಕ್ಕಟೆ ಸಿಗೋದನ್ನ ಯಾರು ತಾನೆ ಮಿತವಾಗಿ ಬಳಸ್ತಾರೆ?

ಇನ್ನು ಮುಂದೆ ಏನು? 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ‘ವಿಬಿ-ಜಿ ರಾಮ್ ಜಿ’ ಅನ್ನೋ ಹೊಸ ಕಾನೂನು ಪಾಸ್ ಮಾಡ್ತು. ವರ್ಷಕ್ಕೆ 100 ದಿನ ಇದ್ದ ಕೆಲಸ 125 ದಿನ ಅಂತ ಅದರಲ್ಲಿದೆ. ದುಡ್ಡು ಯಾರು ಕೊಡ್ಬೇಕು ಅನ್ನೋ ಜಗಳ ಎಲ್ಲರೂ ಕೇಳಿದ್ದೀರಿ, ಅದು ಇನ್ನೊಂದು ಎಪಿಸೋಡ್. ನಮ್ಮ ವಿಷಯಕ್ಕೆ ಬೇಕಾದ್ದು ಬೇರೆ: ಬಯೋಮೆಟ್ರಿಕ್ ದೃಢೀಕರಣ, ಮೊಬೈಲ್‌ನಲ್ಲಿ ಕಾಮಗಾರಿ ಜಾಗದ ನಿಗಾ, ಮೋಸ ಹಿಡಿಯೋಕೆ ಎಐ, ಇವು ಈಗ ಕಾನೂನಿನೊಳಗೇ ಬಂದಿವೆ. ಮುಖ ಗುರುತಿಸೋ ಯಂತ್ರ ಫೋಟೋದ ಫೋಟೋವನ್ನ ಹಿಡೀಬಹುದು. ತೋಡಿದ ಗುಂಡಿಗೆ ಹಾಜರಿ ಸಿಗದೇ ಇರೋದನ್ನ ಹಿಡಿಯೋಕೆ ಯಾವ ಯಂತ್ರ ಇಟ್ಟಿದ್ದಾರೆ ಅಂತ ಕೇಳೋರು ಬೇಕು.

ಅಲ್ಲಿವರೆಗೆ ನಿಮ್ಮ ಫೋನಲ್ಲೇ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ನರೇಗಾ ವೆಬ್‌ಸೈಟ್‌ನಲ್ಲಿ ಈ ಹಾಜರಿ, ಫೋಟೋ ಎಲ್ಲ ಸಾರ್ವಜನಿಕವಾಗಿ ನೋಡೋ ಹಾಗೆ ಇಟ್ಟಿದ್ದಾರೆ. ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯ್ತಿ, ಆಮೇಲೆ ಎನ್‌ಎಂಆರ್ ನಂಬರ್, ಹೀಗೆ ಒಳಗೆ ಹೋಗ್ಬೇಕು. ಮನೇಲಿ ಯಾರಿಗಾದ್ರೂ ಕೂಲಿ ಬಾಕಿ ಇದ್ರೆ ಅವರು ಹೋದ ದಿನಗಳನ್ನ ಒಂದು ಚೀಟೀಲಿ ಬರ್ಕೊಂಡು, ಪಕ್ಕದಲ್ಲಿ ಇಟ್ಕೊಂಡು ಹೋಲಿಸಿ. ಎನ್‌ಎಂಆರ್ ಮುಗಿದು 15 ದಿನದೊಳಗೆ ಕೂಲಿ ಬರಬೇಕು ಅನ್ನೋದು ನರೇಗಾ ಕಾನೂನು, ತಡ ಆದ್ರೆ ದಿನಕ್ಕೆ ಶೇ. 0.05ರಷ್ಟು ಪರಿಹಾರ ಕೂಡ. ದಿನ ತಪ್ಪಿದ್ರೆ ಪಿಡಿಓಗೆ ಬಾಯಲ್ಲಿ ಹೇಳ್ಬೇಡಿ, ಬರೆದು ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲೆಯ ಓಂಬುಡ್ಸ್‌ಪರ್ಸನ್‌ಗೆ ದೂರು ಕೊಡಬಹುದು.

ಹೋಲಿಸಿ ನೋಡಿದ್ದರಲ್ಲಿ ಏನು ಸಿಕ್ತು ಅಂತ ವಾಯ್ಸ್ ನೋಟ್ ಕಳ್ಸಿ. ಹೆಸರು, ಊರು ಬೇಡ ಅಂದ್ರೆ ಹಾಕಲ್ಲ. ಹಾಗೇ, ನಿಮ್ಮ ಆಫೀಸಲ್ಲಿ ಹಸಿರು ಚುಕ್ಕೆ ಉರಿಸೋಕೆ ಏನೇನು ಮಾಡ್ತೀರಿ ಅನ್ನೋದನ್ನೂ ಹೇಳಿ. ಅದಕ್ಕಂತೂ ಹೆಸರು ಖಂಡಿತ ಹಾಕಲ್ಲ.