ನಿಮಗಿದು ಗೊತ್ತೆ? ಗುಡುಗಿನ ಬೆನ್ನಿಗೆ ಉಬ್ಬಸ
ಮಳೆ ಬಂದರೆ ಗಾಳಿ ಶುದ್ಧವಾಗುತ್ತದೆ ಎನ್ನುವುದು ವಾಡಿಕೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಆದದ್ದು ಉಲ್ಟಾ. ಸುಡುಬಿಸಿಲಿನ ಹಗಲು ಕಳೆದು ಗುಡುಗು, ಬಿರುಗಾಳಿ ಎದ್ದದ್ದೇ ತಡ, ಸಾವಿರಾರು ಜನ ಉಸಿರಿಗೆ ಪರದಾಡುತ್ತ ಆಸ್ಪತ್ರೆಗೆ ಓಡಿದರು. 10 ಮಂದಿ ತೀರಿಕೊಂಡರು. ಕಾರಣ, ರೈ ಹುಲ್ಲಿನ ಪರಾಗ. ಇಡೀ ಪರಾಗಕಣ ದಪ್ಪ. ಸಾಮಾನ್ಯವಾಗಿ ಮೂಗಿನಲ್ಲೇ ಸಿಕ್ಕಿಕೊಂಡು ಸೀನು ತರಿಸುತ್ತದೆ, ಅಷ್ಟೆ. ಗುಡುಗುಮಳೆಯ ತೇವ ಹೀರಿತೋ, ಅರಳಿನ ಹಾಗೆ ಸಿಡಿದು ನೂರಾರು ಸಣ್ಣ ಚೂರಾಗಿ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಅಂದು ನರಳಿದ ಎಷ್ಟೋ ಜನಕ್ಕೆ ಅದುವರೆಗೆ ಆಸ್ತಮಾ ಇರಲೇ ಇಲ್ಲ, ಬರೀ ಅಲರ್ಜಿಯ ಸೀನು! ಭೂಮಿ ಬಿಸಿಯೇರಿದಂತೆ ಹಲವು ದೇಶಗಳಲ್ಲಿ ಪರಾಗದ ಋತು ಉದ್ದವಾಗುತ್ತಿದೆ. 2017ರಿಂದ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯ ಹುಲ್ಲು ಹೂಬಿಡುವ ಕಾಲದಲ್ಲಿ ‘ಗುಡುಗಿನ ಆಸ್ತಮಾ’ದ ಮುನ್ಸೂಚನೆಯನ್ನೂ ಕೊಡುತ್ತಿದೆ.