ಶಿಕ್ಷೆಯನ್ನು ಅಳೆಯುವುದು ಹೇಗೆ?

ಪಾಂಡವಪುರದ ಬಳಿಯ ಗದ್ದೆಯೊಂದರಿಂದ ಹತ್ತೊಂಬತ್ತು ವರ್ಷದ ತರುಣನೊಬ್ಬನು ಪಂಪುಸೆಟ್ಟಿನ ತಾಮ್ರದ ತಂತಿಯನ್ನು ಕದ್ದನೆಂದು ಭಾವಿಸೋಣ. ತಂತಿಯ ಬೆಲೆ 4,000 ರೂಪಾಯಿ. ಇದು ಅವನ ಮೊದಲನೆಯ ಅಪರಾಧ. ಕಳವು ರುಜುವಾತಾಯಿತು. ಇನ್ನು ಅವನಿಗೆ ವಿಧಿಸತಕ್ಕ ಶಿಕ್ಷೆಯೆಷ್ಟು? ತಂತಿಯನ್ನು ತೂಗಲು ತಕ್ಕಡಿಯುಂಟು. ಶಿಕ್ಷೆಯನ್ನು ತೂಗುವ ತಕ್ಕಡಿ ಯಾವುದು?

ಅಳೆಯತಕ್ಕುದು ಏನೆಂದು ನಿಶ್ಚಯಿಸದೆ ಅಳತೆಗೆ ತೊಡಗುವುದು ವ್ಯರ್ಥ. ತೊಡಕಿರುವುದು ಇಲ್ಲಿಯೇ, ಶಿಕ್ಷೆಯ ಉದ್ದೇಶವು ಒಂದಲ್ಲ, ಐದು. ತಪ್ಪಿಗೆ ತಕ್ಕ ಪ್ರತಿಫಲವಾಗಬೇಕೆಂಬುದು ಮೊದಲನೆಯದು. ಅದನ್ನು ಕಂಡು ಇತರರು ಹಿಂಜರಿಯಬೇಕೆಂಬುದು ಎರಡನೆಯದು. ಅಪರಾಧಿಯು ಮತ್ತೆ ಕೇಡು ಮಾಡದಂತೆ ತಡೆದಿರಿಸುವುದು ಮೂರನೆಯದು. ಅವನನ್ನು ತಿದ್ದುವುದು ನಾಲ್ಕನೆಯದು. ನೊಂದವನಿಗೂ ಊರಿಗೂ ಆದ ನಷ್ಟವನ್ನು ತುಂಬಿಸುವುದು ಐದನೆಯದು. ಒಂದೇ ವಸ್ತುವನ್ನು ಐದು ಬಲಗಳು ಐದು ದಿಕ್ಕಿಗೆ ಎಳೆದಾಗ ಅದು ಎತ್ತ ಚಲಿಸುವುದೆಂಬುದು ಆಯಾ ಬಲದ ಪ್ರಮಾಣವನ್ನು ಅವಲಂಬಿಸಿರುವುದಷ್ಟೆ? ಶಿಕ್ಷೆಯ ವಿಷಯವೂ ಹಾಗೆಯೇ.

ಇವುಗಳಲ್ಲಿ ಎರಡಕ್ಕೆ ಶ್ರೀರಂಗಪಟ್ಟಣದ ಇತಿಹಾಸದಲ್ಲಿಯೇ ನಿದರ್ಶನಗಳುಂಟು. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕಿದ ಕರ್ನಲ್ ಬೇಯ್ಲಿಯು 1782ರಲ್ಲಿ ಇಲ್ಲಿಯೇ ಮೃತನಾದನು. ಅವನ ಹೆಸರು ಹೊತ್ತ ನೆಲಮಾಳಿಗೆಯ ಸೆರೆಮನೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಲ್ಲಿದ್ದವರು ಯುದ್ಧಕೈದಿಗಳು, ಅವರನ್ನು ತಡೆದಿರಿಸುವುದಷ್ಟೇ ಆ ಗೋಡೆಗಳ ಕೆಲಸ. ಇನ್ನೊಂದು ಕಡೆ, ಟಿಪ್ಪು ಸುಲ್ತಾನನ ಕಾಲದ ಕಂದಾಯದ ಕಟ್ಟಳೆಗಳಲ್ಲಿ, ತಪ್ಪು ಮಾಡಿದ ರೈತನಿಂದ ದಂಡದ ಹಣವನ್ನು ವಸೂಲು ಮಾಡುವುದಕ್ಕೆ ಬದಲಾಗಿ, ಅವನು ಊರ ಮುಂದೆ ಮಾವು ಮತ್ತು ಬಾದಾಮಿಯ ಸಸಿಗಳನ್ನು ನೆಟ್ಟು ನೀರೆರೆದು ಬೆಳೆಸತಕ್ಕದ್ದೆಂಬ ವಿಧಿಯೊಂದಿದೆ. ತಪ್ಪಿನ ಫಲವಾಗಿ ಊರಿಗೆ ನೆರಳು!

ಭಯದ ಲೆಕ್ಕವನ್ನೂ ನೋಡೋಣ. ನೂರು ಕಳ್ಳರಲ್ಲಿ ಐವರು ಸಿಕ್ಕಿ ತಲಾ 36 ತಿಂಗಳ ಸೆರೆವಾಸ ಅನುಭವಿಸಿದರೆ, ಒಬ್ಬೊಬ್ಬ ಕಳ್ಳನ ಪಾಲಿಗೆ ಸರಾಸರಿ 1.8 ತಿಂಗಳು. ಐವತ್ತು ಮಂದಿ ಸಿಕ್ಕಿ ತಲಾ ನಾಲ್ಕೇ ತಿಂಗಳು ಅನುಭವಿಸಿದರೆ ಸರಾಸರಿ 2 ತಿಂಗಳು. ಲಘುವಾದರೂ ತಪ್ಪದೆ ಬರುವ ಶಿಕ್ಷೆಯೇ ಹೆಚ್ಚು ಭಾರವಾಯಿತು. ಕಾಠಿಣ್ಯಕ್ಕಿಂತ ನಿಶ್ಚಿತತೆಯೇ ಮುಖ್ಯವೆಂದು ಇಟಲಿಯ ಬೆಕ್ಕಾರಿಯನು 1764ರಷ್ಟು ಹಿಂದೆಯೇ ವಾದಿಸಿದ್ದನು.

ಈಗ ನಮ್ಮ ತರುಣನ ಮಾತು. 1860ರ ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಆರನೆಯ ಬಗೆಯ ಶಿಕ್ಷೆಯನ್ನಾಗಿ ಸೇರಿಸಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾಗಿದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ಆ ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಸಮುದಾಯ ಸೇವೆಯೇ ಅವನ ಶಿಕ್ಷೆ. ತಂತಿಯ ಬೆಲೆ 6,000 ಆಗಿದ್ದರೆ ಮೂರು ವರ್ಷಗಳವರೆಗೆ ಸೆರೆವಾಸ, ಜುಲ್ಮಾನೆ, ಅಥವಾ ಎರಡೂ ಆಗಬಹುದಾಗಿತ್ತು. ಆಗಲೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ಅಡ್ಡ ನಿಲ್ಲುತ್ತದೆ: ಇಪ್ಪತ್ತೊಂದು ತುಂಬದ ಇಂಥವನನ್ನು ಸೆರೆಗೆ ಕಳುಹಿಸುವ ನ್ಯಾಯಾಧೀಶರು ಅದಕ್ಕೆ ಕಾರಣಗಳನ್ನು ಬರೆದಿಡಲೇಬೇಕು.

ಆದರೆ ಸೇವೆಯು ಎಷ್ಟು ದಿನ, ಯಾವ ಕೆಲಸ ಎಂಬುದನ್ನು ಸಂಹಿತೆಯು ಗೊತ್ತುಪಡಿಸಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ನ್ಯಾಯಾಲಯಗಳು ಒಂದೇ ಬಗೆಯ ಕಳವಿಗೆ ನಾಲ್ಕು ಬಗೆಯ ಉತ್ತರ ಕೊಡುವುದು ಅಸಾಧ್ಯವಲ್ಲ. ಇದನ್ನು ತಪ್ಪಿಸಲೆಂದು ಅಮೆರಿಕದಲ್ಲಿ 1987ರಲ್ಲಿ ಒಂದು ಕೋಷ್ಟಕವನ್ನೇ ಜಾರಿಗೆ ತಂದರು: ಅಪರಾಧದ ಗುರುತ್ವಕ್ಕೆ 43 ಮೆಟ್ಟಿಲು, ಹಿಂದಿನ ನಡತೆಗೆ 6 ಕಂಬಸಾಲು. ಕೋಷ್ಟಕಕ್ಕೆ ಮನುಷ್ಯನ ಸ್ಥಿತಿಗತಿಗಳೆಲ್ಲ ಕಾಣವು; 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದನ್ನು ಕೇವಲ ಸಲಹೆಯ ಮಟ್ಟಕ್ಕೆ ಇಳಿಸಿತು.

ಕೇವಲ ಕೋಷ್ಟಕವೂ ಸಾಲದು, ಕೇವಲ ವಿವೇಚನೆಯೂ ಸಾಲದು. ಈ ತರುಣನನ್ನು ತಿದ್ದಬೇಕೆಂದೋ, ರೈತನ ನಷ್ಟವನ್ನು ತುಂಬಬೇಕೆಂದೋ, ಉದ್ದೇಶವನ್ನು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದಲ್ಲಿ ಶಿಕ್ಷೆಯು ಅದಕ್ಕೆ ತಕ್ಕುದೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮಾನವನ್ನು ಹೇಳದೆ ಬರಿಯ ಅಂಕಿಯನ್ನು ಬರೆದ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ನಾವು ಅಂಕ ಕೊಡುವುದಿಲ್ಲ. ಮನುಷ್ಯನ ಆಯುಸ್ಸಿನ ದಿನಗಳನ್ನು ಅಳೆಯುವಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು.